ಹಸುವಿನ ಹಿಂಗಾಲು, ರಕ್ಕಸನ ಆಳು

ಇಂಗ್ಲೆಂಡಿನ ಕ್ರಿಸ್‌ಮಸ್ ಪ್ಯಾಂಟೊಮೈಮ್‌ ನಾಟಕದಲ್ಲಿ, ಇಬ್ಬರು ಒಂದೇ ವೇಷದೊಳಗೆ ಸೇರಿ ಆಗುವ ಹಸುವಿನ ಹಿಂಭಾಗವಾಗುವುದು ಯಾರೂ ಮುಂದೆ ಬಂದು ಕೇಳುವ ಪಾತ್ರವಲ್ಲ. ನಾನು ಕೇಳಿ ಪಡೆದೆ. ಇಲ್ಲಿ ನಾನಿರುವ ಊರಿನ ಹವ್ಯಾಸಿ ನಾಟಕ ಸಂಘ ಆ ವರ್ಷ ‘ಜ್ಯಾಕ್ ಆ್ಯಂಡ್ ದಿ ಬೀನ್‌ಸ್ಟಾಕ್’ ಆಡುವುದೆಂದು ತೀರ್ಮಾನಿಸಿತ್ತು. ಹಸುವನ್ನು ಮಾರಿ ಪಡೆದ ಮಾಯದ ಬೀಜದಿಂದ ಬೆಳೆದ ಬಳ್ಳಿಯನ್ನು ಹತ್ತಿ ರಕ್ಕಸನ ಮನೆ ಸೇರುವ ಬಡ ಹುಡುಗನ ಕಥೆ ಅದು. ಮೊದಲಂಕದಲ್ಲಿ ಹಸು ಮಾರಾಟವಾದ ಮೇಲೆ ಹಿಂಗಾಲಿನವನಿಗೆ ಕೆಲಸವಿರುವುದಿಲ್ಲ. ಹಾಗಾಗಿ ಎರಡನೆಯ ಅಂಕದಲ್ಲಿ ಖಳನ ಆಳಿನ ವೇಷವೂ ನನ್ನದೇ ಆಯಿತು.

ಕನ್ನಡದ ಓದುಗರಿಗೆ ಒಂದು ಮಾತು ಹೇಳಬೇಕು. ಈ ಪ್ಯಾಂಟೊಮೈಮ್ ಎಂದರೆ ಮೂಕಾಭಿನಯವಲ್ಲ. ಹದಿನೆಂಟನೆಯ ಶತಮಾನದಲ್ಲಿ ಹಾರ್ಲೆಕ್ವಿನ್ ಎಂಬ ವಿದೂಷಕನ ಮಾತಿಲ್ಲದ ಆಟವಾಗಿ ಬೆಳೆದದ್ದು ನಿಜ. ಆದರೆ 1843ರ ರಂಗಮಂದಿರ ಕಾಯ್ದೆಯಿಂದ ಕೆಲವೇ ಮಂದಿರಗಳಿಗಿದ್ದ ಮಾತಿನ ನಾಟಕದ ಹಕ್ಕು ಉಳಿದವಕ್ಕೂ ಸಿಕ್ಕಿ, ಪ್ಯಾಂಟೊಮೈಮ್‌ನ ತುಂಬ ಮಾತು, ಹಾಡು, ಶ್ಲೇಷೆ ತುಂಬಿಕೊಂಡವು. ನಾಯಕ ಜ್ಯಾಕ್‌ನ ಪಾತ್ರವನ್ನು ಹುಡುಗಿ ಮಾಡುವುದು, ಅವನ ತಾಯಿ ‘ಡೇಮ್’ ಆಗಿ ಗಂಡಸು ಸೀರಿಯಸ್ಸಾಗಿ ಲಂಗ ತೊಟ್ಟು ಬರುವುದು ಇಲ್ಲಿನ ವಾಡಿಕೆ. ಕಂಪನಿ ನಾಟಕ ನೋಡಿ ಬೆಳೆದವರಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಪ್ರೇಕ್ಷಕರು ಸುಮ್ಮನೆ ಕುಳಿತುಕೊಳ್ಳುವುದಿಲ್ಲ ಎನ್ನುವುದು ಮಾತ್ರ ಹೊಸದು. ಖಳ ಬಂದರೆ ಛೀಮಾರಿ ಹಾಕುತ್ತಾರೆ, ಭೂತ ಬಂದರೆ ‘ನಿನ್ನ ಹಿಂದೆಯೇ ಇದೆ!’ ಎಂದು ಕಿರುಚುತ್ತಾರೆ.

ಹಸುವಿಗೆ ಹಸ್ತಪ್ರತಿಯಲ್ಲಿ ಒಂದು ಮಾತೂ ಇರಲಿಲ್ಲ. ‘ಹಸು ಬರುತ್ತದೆ’, ‘ಹಸು ಹೋಗುತ್ತದೆ’, ಅಷ್ಟೇ. ಪೋಷಕ ಪಾತ್ರ ಕಟ್ಟುವಾಗ ನಾನು ಮೊದಲು ನೋಡುವುದು ನನ್ನ ಸಾಲುಗಳನ್ನಲ್ಲ. ಮುಖ್ಯ ಪಾತ್ರಕ್ಕೆ ನನ್ನಿಂದ ಏನು ಬೇಕು ಎನ್ನುವುದನ್ನು. ಡೇಮ್‌ಗೆ ಬಾಡಿಗೆ ಕಟ್ಟಲು ಕಾಸಿಲ್ಲ, ಹಸುವನ್ನು ಮಾರಲೇಬೇಕು. ಅಷ್ಟರೊಳಗೆ ಮಕ್ಕಳು ಹಸುವನ್ನು ಹಚ್ಚಿಕೊಂಡಿರದಿದ್ದರೆ ಆ ಮಾರಾಟದ ದೃಶ್ಯ ಬರೀ ವ್ಯಾಪಾರವಾಗುತ್ತದೆ. ಅಂದರೆ ನಾಟಕದಲ್ಲಿ ಒಂದೇ ಒಂದು ಕಡೆ ಬರಬೇಕಾದ ದುಃಖದ ಹೊಣೆ ಮಾತಿಲ್ಲದ ಈ ಪ್ರಾಣಿಯ ಮೇಲಿತ್ತು.

ಮೊದಲು ನಡಿಗೆ. ಮುಂಭಾಗದ ನಟಿಯ ಸೊಂಟಕ್ಕೆ ಅಗಲವಾದ ಚರ್ಮದ ಬೆಲ್ಟು. ನಾನು ಸೊಂಟ ಬಗ್ಗಿಸಿ, ಎರಡೂ ಕೈಯಲ್ಲಿ ಆ ಬೆಲ್ಟನ್ನು ಹಿಡಿದು, ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿಕೊಂಡಿರಬೇಕು. ಕಣ್ಣಿಗೆ ಕಾಣುವುದು ನೆಲದ ಹಲಗೆ ಮತ್ತು ಅವರ ಹಿಮ್ಮಡಿ. ಅವರ ಎಡಗಾಲಿಗೆ ನನ್ನ ಬಲಗಾಲು. ಎರಡೂ ಜೊತೆ ಕಾಲುಗಳು ಒಂದೇ ಬಾರಿಗೆ ಎಡ-ಬಲ ಹಾಕಿದರೆ ಕವಾಯತು ಮಾಡುವ ಇಬ್ಬರು ಮನುಷ್ಯರು ಕಾಣಿಸುತ್ತಾರೆ, ಹಸು ಕಾಣಿಸುವುದಿಲ್ಲ. ಮಾತಿನ ಬದಲು ಸನ್ನೆಗಳನ್ನು ಗೊತ್ತುಮಾಡಿಕೊಂಡೆವು: ಅವರು ಬೆನ್ನನ್ನು ತುಸು ಹಿಂದಕ್ಕೆ ಒತ್ತಿದರೆ ನಿಲ್ಲಬೇಕು, ನಾನು ಬೆಲ್ಟನ್ನು ಬಲಕ್ಕೆ ಎಳೆದರೆ ಹಿಂಭಾಗಕ್ಕೆ ತಿರುಗಲು ಜಾಗ ಸಾಲದು ಎಂದರ್ಥ. ವೇಷ ಕೈಗೆ ಬರುವ ಮೊದಲೇ, ಮೇಲೊಂದು ಹಳೆಯ ಕಂಬಳಿ ಹೊದ್ದು ಅಭ್ಯಾಸ ಮಾಡಿದೆವು. ಇದನ್ನು ಮಾಡದಿದ್ದರೆ ಉಳಿದ ತಾಲೀಮೆಲ್ಲ ದಂಡ. ಬೆಳಕಿನಲ್ಲಿ ಸರಾಗವಾಗಿ ನಡೆದವನು ಕತ್ತಲೆ, ಸೆಕೆಯಲ್ಲಿ ಎಡವುತ್ತಾನೆ.

ಸ್ವಭಾವ ಮೂಡಿದ್ದು ಆಮೇಲೆ. ನಮ್ಮ ಮನೆಯ ಕೊಟ್ಟಿಗೆಯಿಂದ ಹಸುವನ್ನು ಕೊಟ್ಟು ಕಳುಹಿಸುವಾಗ ನೋಡಿದ್ದು ನೆನಪಿತ್ತು. ಹಗ್ಗ ಎಳೆದ ಕಡೆಗೆ ಕುತ್ತಿಗೆ ಬರುತ್ತದೆ, ಹಿಂಗಾಲು ಬರುವುದಿಲ್ಲ. ಗೊರಸನ್ನು ನೆಲಕ್ಕೆ ಊರಿ ನಿಂತುಬಿಡುತ್ತದೆ. ಅದನ್ನೇ ತೆಗೆದುಕೊಂಡೆ. ನಮ್ಮ ಹಸುವಿನ ಮುಂಭಾಗ ವಿಧೇಯ, ಹಿಂಭಾಗ ಹಟಮಾರಿ. ಹಾಲು ಕರೆಯುವ ದೃಶ್ಯದಲ್ಲಿ ಡೇಮ್ ಮುಕ್ಕಾಲಿ ಹಾಕಿಕೊಂಡು ಕೂರುವ ಹೊತ್ತಿಗೆ ಹಿಂಭಾಗ ಮೆಲ್ಲಗೆ ಪಕ್ಕಕ್ಕೆ ಸರಿಯುತ್ತದೆ. ಅವರು ಮುಕ್ಕಾಲಿಯನ್ನು ಜರುಗಿಸಿದರೆ ಮತ್ತೆ ಇತ್ತ ಬರುತ್ತದೆ. ಪ್ರೇಕ್ಷಕರಿಗೆ ನಗು ಬರಬೇಕಾದದ್ದು ಡೇಮ್‌ನ ಮುಖ ನೋಡಿ, ಆದ್ದರಿಂದ ಅವರು ಪ್ರೇಕ್ಷಕರ ಕಡೆ ತಿರುಗಿದ ಕ್ಷಣ ನಾನು ಕಲ್ಲು. ಬಾಲದ ದಾರವನ್ನೂ ಎಳೆಯುವುದಿಲ್ಲ.

ಮಾರಾಟದ ದೃಶ್ಯದಲ್ಲಿ ಅದೇ ಹಟ ಇನ್ನೊಂದು ಬಣ್ಣ ಪಡೆಯಿತು. ಜ್ಯಾಕ್ ಹಗ್ಗ ಹಿಡಿದು ನಡೆಯುತ್ತಾಳೆ, ಮುಂಗಾಲು ಹೊರಡುತ್ತದೆ, ಹಿಂಗಾಲು ಕದಲುವುದಿಲ್ಲ. ಬೆಲ್ಟು ಬಿಟ್ಟೆನಾದರೆ ನಡುವಿನ ಬಟ್ಟೆ ಹಿಗ್ಗಿ ಹಸು ಉದ್ದವಾಗುತ್ತದೆ. ಮಕ್ಕಳು ಗೊಳ್ಳೆಂದು ನಗುತ್ತಾರೆ. ಆ ನಗು ಇಳಿಯುವ ತನಕ ಕಾದು, ಆಮೇಲೆ ಒಂದು ಕಾಲು, ತಡೆದು ಇನ್ನೊಂದು ಕಾಲು. ಎರಡನೆಯ ಹೆಜ್ಜೆಗೆ ಸಭೆ ಸದ್ದಿಲ್ಲದಂತಾಗುತ್ತಿತ್ತು. ನಿರ್ದೇಶಕರು ಅಲ್ಲಿದ್ದ ಹಾಡಿನ ಒಂದು ಚರಣವನ್ನೇ ಕಿತ್ತುಹಾಕಿದರು. ನನಗೆ ಅದಕ್ಕಿಂತ ದೊಡ್ಡ ಮೆಚ್ಚುಗೆ ಬೇಕಿರಲಿಲ್ಲ.

ಪ್ರಾಣಿ ವೇಷವನ್ನು ಕೀಳೆಂದು ನೋಡುವವರಿಗೆ ಚಾರ್ಲಿ ಚಾಪ್ಲಿನ್ ನೆನಪಾಗಲಿ. ಹುಡುಗನಾಗಿದ್ದಾಗ ಲಂಡನ್ ಹಿಪೊಡ್ರೋಮ್ ರಂಗಮಂದಿರದ ‘ಸಿಂಡರೆಲ್ಲಾ’ ಪ್ಯಾಂಟೊಮೈಮ್‌ನಲ್ಲಿ ಅವರು ಬೆಕ್ಕಾಗಿದ್ದರು.

ಆಳಿನ ಪಾತ್ರಕ್ಕೆ ಬೇರೆ ಲೆಕ್ಕ. ರಕ್ಕಸನ ಕಾರಭಾರಿ ಫ್ಲೆಶ್‌ಕ್ರೀಪ್ ಇಲ್ಲಿ ಖಳ. ಅವನ ಕೈಕೆಳಗಿನ ಇಬ್ಬರು ದಡ್ಡರಲ್ಲಿ ನಾನೊಬ್ಬ. ಪ್ಯಾಂಟೊಮೈಮ್‌ನ ಖಳ ನಟನ ಎಡಗಡೆಯಿಂದ, ದೇವತೆ ಬಲಗಡೆಯಿಂದ ಬರಬೇಕೆಂಬ ಸಂಪ್ರದಾಯವಿದೆ. ಆಳುಗಳಾದ ನಮ್ಮದೂ ಎಡದ ದಾರಿಯೇ. ಊರಿನ ಯಕ್ಷಗಾನ ಸಂಘದಲ್ಲಿ ಹಾಸ್ಯಗಾರನಾಗಿ ದೂತ, ಬ್ರಾಹ್ಮಣ, ಮುದುಕಿಯ ವೇಷಗಳನ್ನು ಮಾಡಿದ್ದವನು ನಾನು. ಅಲ್ಲಿ ಕಲಿತ ಪಾಠವೊಂದು ಇಲ್ಲಿ ಚೆನ್ನಾಗಿ ಒದಗಿತು: ದೂತ ರಾಜನ ಆಜ್ಞೆಯನ್ನು ತಿರುಚಬಹುದು, ಅರ್ಥವಾಗದವನಂತೆ ನಟಿಸಬಹುದು, ಆದರೆ ರಾಜನ ಗತ್ತನ್ನು ಮುರಿಯಬಾರದು. ಖಳನೇ ಹಾಸ್ಯಾಸ್ಪದನಾದರೆ ಛೀಮಾರಿ ಹಾಕಲು ಮಕ್ಕಳಿಗೆ ಮನಸ್ಸು ಬರುವುದಿಲ್ಲ. ಹೀಗಾಗಿ ಅವನು ಪ್ರಾಸಬದ್ಧವಾಗಿ ಗುಡುಗುವಾಗ ನಾನು ನಿಜಕ್ಕೂ ಹೆದರಿ ನಿಲ್ಲುತ್ತಿದ್ದೆ. ಅವನು ಹೊರಗೆ ಹೋದ ಮೇಲಷ್ಟೇ ಅವನ ನಡಿಗೆಯನ್ನು ಅನುಕರಿಸುವುದು, ಅದೂ ಅವನು ಮರಳಿ ಬರುವುದು ಮಕ್ಕಳಿಗೆ ನನಗಿಂತ ಮೊದಲು ಕಾಣುವಂತೆ.

ಯಕ್ಷಗಾನದ ಆಶು ಮಾತಿನ ಧಾರಾಳ ಮಾತ್ರ ಇಲ್ಲಿ ನಡೆಯಲಿಲ್ಲ. ಬೆಳಕು, ವಾದ್ಯ, ಪರದೆ ಎಲ್ಲವೂ ಒಂದೊಂದು ಮಾತಿಗೆ ಕಾದಿರುತ್ತವೆ. ಲಂಬಿಸಲು ಅವಕಾಶವಿದ್ದದ್ದು ಭೂತದ ದೃಶ್ಯದಲ್ಲಿ. ಮುಂದಿನ ಪರದೆಯ ಎದುರು ಬೆಂಚಿನ ಮೇಲೆ ಕುಳಿತು ಧೈರ್ಯಕ್ಕಾಗಿ ಹಾಡುತ್ತೇವೆ. ಭೂತ ಒಬ್ಬೊಬ್ಬರನ್ನೇ ಹೊತ್ತೊಯ್ಯುತ್ತದೆ. ಕೊನೆಗೆ ಉಳಿದ ಡೇಮ್‌ನ ಮುಖ ಕಂಡು ಭೂತವೇ ಓಡಿಹೋಗುತ್ತದೆ. ಪರದೆಯ ಹಿಂದೆ ಅಷ್ಟು ಹೊತ್ತಿಗೆ ರಕ್ಕಸನ ಅಡುಗೆಮನೆ ಜೋಡಣೆಯಾಗಬೇಕು. ಆಗದಿದ್ದರೆ ರಂಗ ವ್ಯವಸ್ಥಾಪಕಿ ಪಕ್ಕದಿಂದ ಟಾರ್ಚು ಮಿಣುಕಿಸುತ್ತಿದ್ದರು. ಆಗ ನಾನು ಸಿಕ್ಕಿಬೀಳಬಾರದು. ಮಕ್ಕಳು ಎಡಕ್ಕೆ ನೋಡು ಎಂದರೆ ಬಲಕ್ಕೆ ನೋಡಿ, ‘ಎಲ್ಲಿ? ಯಾರೂ ಇಲ್ಲವಲ್ಲ!’ ಎಂದು ವಾದಕ್ಕಿಳಿಯಬೇಕು. ಭೂತವನ್ನು ತಿರುಗಿ ನೋಡಲು ಅವಸರಪಟ್ಟವನು ದೃಶ್ಯವನ್ನೇ ಮುಗಿಸಿಬಿಡುತ್ತಾನೆ.

ವೇಷದ ಆರೈಕೆಯೂ ಪಾತ್ರದ ಭಾಗವೇ. ದಿನಕ್ಕೆ ಎರಡು ಪ್ರದರ್ಶನವಿದ್ದರೆ ಒಳಗಿನ ಬೆವರಿನ ವಾಸನೆ ಎರಡನೆಯ ಆಟಕ್ಕೆ ಉಸಿರು ಕಟ್ಟಿಸುತ್ತದೆ, ತೊಳೆದರೆ ಒಣಗುವುದಿಲ್ಲ. ಅಗ್ಗದ ವೋಡ್ಕಾಕ್ಕೆ ನೀರು ಬೆರೆಸಿ ಒಳಮೈಗೆ ಸಿಂಪಡಿಸುವುದು ಇಲ್ಲಿನ ರಂಗ ಉಡುಪಿನವರ ಹಳೆಯ ಉಪಾಯ. ಮೊಣಕಾಲಿಗೆ ಪ್ಯಾಡು, ಒಳಗೆ ತೆಳುವಾದ ಹತ್ತಿ ಬನಿಯನ್ನು, ಬೆನ್ನಿಗೆ ಆಟದ ನಂತರ ಬಿಸಿನೀರು.

ಆಟದ ಕೊನೆಗೆ ಎಲ್ಲರೂ ಸಾಲಾಗಿ ಬಂದು ಮಾಡುವ ವಂದನೆಗೆ ಯಾವ ವೇಷದಲ್ಲಿ ಬರುತ್ತೀಯಾ ಎಂದು ನಿರ್ದೇಶಕರು ಕೇಳಿದರು. ಎರಡೂ ನನ್ನವೇ, ಬದಲಿಸಲು ಪುರಸೊತ್ತಿಲ್ಲ. ಮಾರಿದ ಹಸು ಮನೆಗೆ ಮರಳಿತೆಂದು ಮಕ್ಕಳಿಗೆ ಕಾಣಿಸಲೇಬೇಕು ಎಂದು ಹಸುವನ್ನೇ ಆರಿಸಿಕೊಂಡೆ. ನನ್ನ ಜೊತೆಗಾರ ಆಳು ಒಬ್ಬನೇ ಬಂದು ಬಗ್ಗಿದ. ಮುಂಭಾಗ ತಲೆ ಬಾಗಿಸಿತು, ನಾನು ಬಾಲ ಎತ್ತಿದೆ. ಆ ಫೋಟೊವನ್ನು ಊರಿಗೆ ಕಳುಹಿಸಿದರೆ ‘ಇದರಲ್ಲಿ ನೀನೆಲ್ಲಿದ್ದೀಯೋ?’ ಎಂದು ಅಮ್ಮ ಕೇಳಿದರು. ‘ಬಾಲದ ಕಡೆ ನೋಡಮ್ಮ’ ಎಂದೆ.