ಕಾರ್ಪೆಟ್ಟಿನ ಹಳೇ ಕಲೆ: ಉಜ್ಜಬೇಡಿ, ಒತ್ತಿ ತೆಗೆಯಿರಿ

ಹಬ್ಬಕ್ಕೆ ನೆಂಟರು ಬರುವ ಮುನ್ನಾದಿನ ಟೀಪಾಯಿ ಸರಿಸಿದರೆ ಅಂಗೈಯಗಲದ ಕಂದು ಕಲೆ. ಯಾವಾಗಲೋ ಚೆಲ್ಲಿದ ಕಾಫಿ. ತಕ್ಷಣ ಬಟ್ಟೆ ಒಗೆಯುವ ಬ್ರಷ್ಷು, ಒಂದು ಹಿಡಿ ಸೋಪಿನ ಪುಡಿ, ಒಂದು ಚೊಂಬು ಬಿಸಿನೀರು ಹಿಡಿದು ಕೂರುತ್ತಾರೆ. ಹೀಗೆ ಒಳ್ಳೊಳ್ಳೆಯ ಕಾರ್ಪೆಟ್ಟು ಹಾಳಾದದ್ದನ್ನು ನೆಂಟರಿಷ್ಟರ ಮನೆಗಳಲ್ಲಿ ಎಷ್ಟೋ ಸಲ ನೋಡಿದ್ದೇನೆ. ಉಜ್ಜಿದ ಕಡೆ ಎಳೆಗಳ ಹುರಿ ಬಿಚ್ಚಿ ಜುಂಗು ಏಳುತ್ತದೆ, ಅದು ಮತ್ತೆ ಸರಿಹೋಗುವುದಿಲ್ಲ. ಕಲೆ ಮಾತ್ರ ಎರಡು ದಿನಕ್ಕೆ ವಾಪಸು ಬರುತ್ತದೆ.

ಮೊದಲು ಕಾರ್ಪೆಟ್ಟು ಯಾವುದರದ್ದು ಎಂದು ತಿಳಿಯಿರಿ. ಅಂಚಿನಿಂದ ಒಂದೇ ಒಂದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು, ಸಿಂಕಿನ ಮೇಲೆ ಕಡ್ಡಿ ಗೀರಿ ಸುಡಿ. ಕೂದಲು ಸುಟ್ಟ ವಾಸನೆ ಬಂದು, ಉಳಿದದ್ದು ಬೆರಳಲ್ಲಿ ಪುಡಿಯಾದರೆ ಉಣ್ಣೆ ಅಥವಾ ರೇಷ್ಮೆ. ಕರಗಿ ಗಟ್ಟಿ ಮಣಿಯಾದರೆ ನೈಲಾನ್, ಪಾಲಿಯೆಸ್ಟರ್ ಜಾತಿ. ಕಾಗದದ ವಾಸನೆ ಬಂದರೆ ಹತ್ತಿ, ಸೆಣಬು ಅಥವಾ ವಿಸ್ಕೋಸ್. ರೇಷ್ಮೆಯನ್ನೂ ರೇಷ್ಮೆಯಂತೆ ಹೊಳೆಯುವ ವಿಸ್ಕೋಸನ್ನೂ ಮನೆಯಲ್ಲಿ ಮುಟ್ಟಲೇಬೇಡಿ, ತಿಳಿದವರಿಗೆ ಕೊಡಿ.

ಆಮೇಲೆ ಮೂಲೆಯಲ್ಲಿ, ಕಾಣದ ಕಡೆ, ಬಳಸಲಿರುವ ದ್ರಾವಣ ಹಚ್ಚಿ ಹತ್ತು ನಿಮಿಷ ಬಿಟ್ಟು ಬಿಳಿ ಬಟ್ಟೆ ಒತ್ತಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ನವಲಗುಂದದ ಜಮಖಾನದಂಥ ಗಾಢ ಬಣ್ಣದ ಹತ್ತಿ ನೇಯ್ಗೆಗೆ ಈ ಪರೀಕ್ಷೆ ತಪ್ಪಿಸಲೇಬಾರದು. ಒಣ ಧೂಳನ್ನು ವ್ಯಾಕ್ಯೂಮ್‌ನಲ್ಲಿ ತೆಗೆದುಬಿಡಿ.

ಈಗ ಅಸಲು ಕೆಲಸ. ಅರ್ಧ ಲೀಟರ್ ತಣ್ಣೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಟೀ ಚಮಚ, ಅಷ್ಟೇ ಸಾಕು. ಬಟ್ಟೆ ಸೋಪಿನ ಪುಡಿ ಬೇಡ; ಅದರ ಕ್ಷಾರ ಉಣ್ಣೆಗೆ ಆಗದು, ಅದರಲ್ಲಿರುವ ಹೊಳಪುಕಾರಕ ಆ ಜಾಗವನ್ನು ಬೆಳ್ಳಗೆ ಕಾಣಿಸುತ್ತದೆ. ಬಿಸಿನೀರೂ ಬೇಡ, ಕಾಫಿಯಲ್ಲಿರುವ ಹಾಲು ಬಿಸಿಗೆ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಹಳೇ ಬಿಳಿ ಪಂಚೆಯ ತುಂಡನ್ನು ದ್ರಾವಣದಲ್ಲಿ ಅದ್ದಿ ಹಿಂಡಿ, ಕಲೆಯ ಅಂಚಿನಿಂದ ನಡುವಿಗೆ ಒತ್ತುತ್ತಾ ಬನ್ನಿ. ನಡುವಿನಿಂದ ಹೊರಕ್ಕೆ ಹೋದರೆ ಕಲೆ ಅಗಲವಾಗುತ್ತದೆ. ಹತ್ತು ನಿಮಿಷ ನೆನೆಯಲು ಬಿಡಿ. ಒಣ ಬಟ್ಟೆ ಹಾಕಿ ಅಂಗೈಯ ಪೂರ್ತಿ ಭಾರ ಬಿಟ್ಟು ಒತ್ತಿ, ಎತ್ತಿ ನೋಡಿ. ಬಟ್ಟೆಗೆ ಕಂದು ಬಂದಿದ್ದರೆ ಮಗ್ಗುಲು ಬದಲಿಸಿ ಮತ್ತೆ ಒತ್ತಿ. ಹಳೇ ಕಲೆಗೆ ಇದನ್ನು ಏಳೆಂಟು ಸುತ್ತು ಮಾಡಬೇಕಾಗುತ್ತದೆ. ಬೇಸರದಿಂದ ಮೂರನೇ ಸುತ್ತಿಗೆ ನೀರು ಸುರಿಯುವವರೇ ಹೆಚ್ಚು. ಸುರಿದ ನೀರು ತಳಕ್ಕಿಳಿಯುತ್ತದೆ. ತಳ ಸೆಣಬಿನದಾಗಿದ್ದರೆ ಅದರ ಕಂದು ಬಣ್ಣವೇ ಮೇಲೆ ಹತ್ತಿ ಹೊಸ ಕಲೆಯಾಗುತ್ತದೆ.

ಕಾಫಿ, ಟೀ ಕಲೆ ಇನ್ನೂ ಉಳಿದಿದ್ದರೆ ಬಿಳಿ ವಿನೆಗರ್ ಒಂದು ಪಾಲು, ನೀರು ಎರಡು ಪಾಲು ಬೆರೆಸಿ ಹಾಗೆಯೇ ಒತ್ತಿ. ಮೊಬೈಲ್ ವಿಡಿಯೊಗಳಲ್ಲಿ ವಿನೆಗರ್ ಮೇಲೆ ಅಡುಗೆ ಸೋಡ ಉದುರಿಸಿ ನೊರೆ ತೋರಿಸುತ್ತಾರೆ. ನೊರೆಯಾದಾಗ ಒಂದರ ಶಕ್ತಿಯನ್ನು ಇನ್ನೊಂದು ಕಳೆದಿರುತ್ತದೆ. ನಂಬಬೇಡಿ. ಬ್ಲೀಚ್ ಅಂತೂ ಮನೆಯ ಯಾವ ಕಾರ್ಪೆಟ್ಟಿಗೂ ಬೇಡ: ಅದು ಉಣ್ಣೆಯನ್ನೇ ತಿಂದುಹಾಕುತ್ತದೆ, ವಿನೆಗರ್ ಜೊತೆ ಸೇರಿದರೆ ವಿಷದ ಕ್ಲೋರಿನ್ ಗಾಳಿ ಏಳುತ್ತದೆ.

ತಿಳಿ ಬಣ್ಣದ ನೈಲಾನ್ ಆಗಿದ್ದರೆ ಕೊನೆಯ ಅಸ್ತ್ರ ಹೈಡ್ರೋಜನ್ ಪೆರಾಕ್ಸೈಡ್. ಮೆಡಿಕಲ್ ಶಾಪಿನ ಬಾಟಲಿಯ ಮೇಲೆ 6% ಎಂದಿದ್ದರೆ ಅಷ್ಟೇ ನೀರು ಬೆರೆಸಿ 3% ಮಾಡಿಕೊಳ್ಳಿ. ಅದಕ್ಕೆ ಮೊದಲು ವಿನೆಗರ್ ಅಂಶವನ್ನು ನೀರಿನ ಬಟ್ಟೆಯಿಂದ ಪೂರ್ತಿ ತೆಗೆದಿರಬೇಕು, ಎರಡೂ ಬೆರೆಯಬಾರದು. ಕೈಗೆ ಗ್ಲೌಸ್ ಇರಲಿ.

ಸಾರು, ಹುಳಿಯ ಕಲೆಯ ದಾರಿ ಬೇರೆ. ಸೋಪು ತಾಗಿದೊಡನೆ ಅದು ಕೆಂಪಾಗುತ್ತದೆ, ಜನ ಗಾಬರಿಯಾಗಿ ಮತ್ತಷ್ಟು ಸೋಪು ಹಾಕುತ್ತಾರೆ. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಬೆರೆಸಿದಾಗ ಆಗುವುದೇ ಇಲ್ಲೂ ಆಗಿರುವುದು. ವಿನೆಗರ್ ನೀರು ಒತ್ತಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಅರಿಶಿನದ ಬಣ್ಣ ನೀರಿನಲ್ಲಿ ಕರಗುವುದಿಲ್ಲ, ಸ್ಪಿರಿಟ್‌ನಲ್ಲಿ ಕರಗುತ್ತದೆ. ಕಿಟಕಿ ತೆರೆದು, ದೀಪ ಒಲೆ ಆರಿಸಿ, ಸರ್ಜಿಕಲ್ ಸ್ಪಿರಿಟ್ ಅನ್ನು ಬಟ್ಟೆಗೆ ಹಾಕಿಕೊಂಡು ಒತ್ತಿ. ನೇರ ಕಾರ್ಪೆಟ್ಟಿಗೆ ಸುರಿದರೆ ತಳದ ಅಂಟು ಬಿಡುತ್ತದೆ. ಉಳಿದ ಹಳದಿ ಛಾಯೆ ಎರಡು ಮೂರು ದಿನದ ಬಿಸಿಲಿಗೆ ಮಾಸುತ್ತದೆ. ನನ್ನನ್ನು ಕೇಳಿದರೆ ಅರಿಶಿನಕ್ಕೆ ಬಿಸಿಲಿಗಿಂತ ಒಳ್ಳೆಯ ಮದ್ದಿಲ್ಲ. ದೀಪದ ಎಣ್ಣೆಯಾದರೆ ಮೊದಲು ಕಾರ್ನ್‌ಫ್ಲೋರ್ ದಪ್ಪಗೆ ಹರಡಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ವ್ಯಾಕ್ಯೂಮ್ ಮಾಡಿ ಲಿಕ್ವಿಡ್‌ಗೆ ಬನ್ನಿ.

ಕೊನೆಗೆ ಬರೀ ನೀರಿನ ಬಟ್ಟೆಯಿಂದ ನಾಲ್ಕು ಸಲ ಒತ್ತಿ ಸೋಪು ತೆಗೆಯಿರಿ. ಸೋಪು ಉಳಿದರೆ ಅಂಟಂಟಾಗಿ ವಾರದಲ್ಲೇ ಅಲ್ಲಿಗೆ ಕೊಳೆ ಕೂರುತ್ತದೆ.

ಒಣಗಿಸುವಾಗ ಅವಸರ ಮಾಡಬೇಡಿ. ಬುಡದ ತೇವ ಮೇಲೇರುವಾಗ ಅಲ್ಲಿ ಉಳಿದ ಕಲೆಯನ್ನೂ ಎಳೆಯ ತುದಿಗೆ ತರುತ್ತದೆ; ಹೋದ ಕಲೆ ವಾಪಸಾಗುವುದು ಹೀಗೆ. ಬಿಳಿ ಬಟ್ಟೆಯನ್ನು ನಾಲ್ಕೈದು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ತುಂಬಿದ ಅಕ್ಕಿ ಡಬ್ಬಿ ಇಟ್ಟು ರಾತ್ರಿ ಬಿಡಿ. ಮೇಲೆ ಬರುವ ಕಂದು ಬಟ್ಟೆಗೆ ಹೋಗುತ್ತದೆ. ಬೆಳಿಗ್ಗೆ ಡಬ್ಬಿ ತೆಗೆದು ಫ್ಯಾನ್ ಹಾಕಿ, ಎಳೆಗಳನ್ನು ಬೆರಳಿನಿಂದ ಎಬ್ಬಿಸಿ. ಟೀಪಾಯಿಯ ಕಾಲು ಕಬ್ಬಿಣದ್ದಾದರೆ ಪೂರ್ತಿ ಒಣಗುವವರೆಗೆ ಅಲ್ಲಿಡಬೇಡಿ, ತುಕ್ಕಿನ ಕಲೆ ಕಾಫಿಯದ್ದಕ್ಕಿಂತ ಹಟಮಾರಿ.