ಶಾಲೆಯಲ್ಲಿ ಕೈತೋಟ ಮಾಡ್ತೀರಾ? ಮೊದಲು ಬೇಸಿಗೆ ರಜೆಯ ಲೆಕ್ಕ ಹಾಕಿ

ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ನಮ್ಮ ಎನ್‌ಎಸ್‌ಎಸ್ ಕ್ಯಾಂಪು ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಡೆಯಿತು. ಏಳು ದಿನದ ಕ್ಯಾಂಪು. ಮೂರನೇ ದಿನ ಅರವತ್ತು ಸಸಿ ನೆಟ್ಟೆವು. ಒಂದೊಂದು ಸಸಿಗೆ ಎಂಟು ಜನ ಕೈ ಹಚ್ಚಿ ಫೋಟೊ ತೆಗೆಸಿಕೊಂಡೆವು, ಚಪ್ಪಾಳೆ ತಟ್ಟಿದೆವು, ಬ್ಯಾನರ್ ಬಿಚ್ಚಿಕೊಂಡು ವಾಪಸ್ ಬಂದೆವು. ಮುಂದಿನ ವರ್ಷ ಅದೇ ದಾರಿಯಲ್ಲಿ ಹೋಗುವಾಗ ಬಸ್ಸಿಳಿದು ನೋಡಿದೆ. ಉಳಿದದ್ದು ಒಂದೇ ಒಂದು ನುಗ್ಗೆ ಗಿಡ. ಅದೂ ನಮ್ಮ ಪುಣ್ಯದಿಂದ ಅಲ್ಲ. ಮಕ್ಕಳು ಊಟ ಮಾಡಿ ತಟ್ಟೆ ತೊಳೆದ ನೀರು ಹರಿದು ಬಂದು ಅದರ ಬುಡದಲ್ಲಿ ನಿಲ್ಲುತ್ತಿತ್ತು, ಅಷ್ಟೇ.

ಕೈತೋಟದ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧ ಆ ನುಗ್ಗೆ ಗಿಡ ಕಲಿಸಿದ್ದು. ಇನ್ನರ್ಧ, ಆಮೇಲೆ ನಾವು ಇನ್ನೊಂದು ಶಾಲೆಯಲ್ಲಿ ಮಾಡಿದ ತೋಟದಿಂದ ಕಲಿತಿದ್ದು. ಅದು ಮೂರು ಬೇಸಿಗೆ ದಾಟಿ ಈಗಲೂ ಇದೆ. ನೀವು ಎನ್‌ಎಸ್‌ಎಸ್‌ನವರಿರಲಿ, ಸ್ಕೌಟ್ಸ್ ಇರಲಿ, ಶಾಲೆಯ ಇಕೋ ಕ್ಲಬ್ಬಿನ ಮಕ್ಕಳಿರಲಿ, ಸುಮ್ನೆ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪೇ ಇರಲಿ, ಕೆಲಸ ಒಂದೇ.

ಮೊದಲ ಕೆಲಸ ಗುದ್ದಲಿ ಹಿಡಿಯುವುದಲ್ಲ, ಕ್ಯಾಲೆಂಡರ್ ನೋಡುವುದು. ಅಕ್ಟೋಬರ್ ಹೊತ್ತಿಗೆ ದಸರಾ ರಜೆ ಬರುತ್ತೆ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಬೇಸಿಗೆ ರಜೆ. ಅಂದರೆ ಬಿಸಿಲು ಸುಡುವ ಹೊತ್ತಲ್ಲೇ ಶಾಲೆಗೆ ಬೀಗ. ಆ ಏಳು ವಾರ ನೀರು ಹಾಕುವವರು ಯಾರು? ಇದಕ್ಕೆ ಒಂದು ಹೆಸರು ಸಿಗುವವರೆಗೂ ಸಸಿ ತರಬೇಡಿ. ನಿಜವಾಗಿಯೂ ತರಬೇಡಿ.

ಎನ್‌ಎಸ್‌ಎಸ್ ಸ್ವಯಂಸೇವಕರಿಗೆ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಸೇವೆ ಅಂತ ಲೆಕ್ಕ ಇದೆ ಅಲ್ವಾ. ನಾವು ಮಾಡುತ್ತಿದ್ದ ತಪ್ಪು ಅಂದರೆ ಅದರಲ್ಲಿ ದೊಡ್ಡ ಪಾಲನ್ನು ಎರಡು ಮೂರು ಭಾನುವಾರದಲ್ಲೇ ಮುಗಿಸುವುದು. ಐವತ್ತು ಜನ ಒಂದೇ ದಿನ ಬಂದರೆ ಗುದ್ದಲಿ ಹತ್ತಿರುತ್ತೆ, ಉಳಿದ ನಲವತ್ತು ಜನ ನೆರಳು ಹುಡುಕುತ್ತಾರೆ. ಅದರ ಬದಲು ಪ್ರತಿ ಶನಿವಾರ ನಾಲ್ಕು ಜನ, ಎರಡು ಗಂಟೆ, ವರ್ಷಪೂರ್ತಿ. ಸರದಿ ಪಟ್ಟಿ ಬರೆದು ಶಾಲೆಯ ಗೋಡೆಗೆ ಅಂಟಿಸಿ. ನಿಮ್ಮ ಕಾಲೇಜಿನ ಗೋಡೆಗಲ್ಲ, ಶಾಲೆಯ ಗೋಡೆಗೆ. ಯಾರು ಬರಲಿಲ್ಲ ಅಂತ ಮೂರನೇ ಕ್ಲಾಸಿನ ಮಕ್ಕಳೇ ಕೇಳುತ್ತಾರೆ.

ಅನುಮತಿ ಕೇಳುವುದು ಕಷ್ಟವೇನಲ್ಲ, ಆದರೆ ಯಾರನ್ನೂ ಬಿಡಬೇಡಿ. ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು, ಆಮೇಲೆ ಬಿಸಿಯೂಟ ಮಾಡುವ ಅಕ್ಕಂದಿರು. ನನ್ನ ಪ್ರಕಾರ ಈ ಮೂವರಲ್ಲಿ ಕೊನೆಯವರೇ ಮುಖ್ಯ, ಯಾಕೆ ಅಂತ ಮುಂದೆ ಹೇಳ್ತೀನಿ. ಶಾಲೆಯಲ್ಲಿ ಯಾರಾದರೂ ಇದೆಲ್ಲ ಯಾಕೆ ಅಂದರೆ, 2019ರಲ್ಲೇ ಕೇಂದ್ರ ಸರ್ಕಾರ ಶಾಲಾ ಪೌಷ್ಟಿಕ ತೋಟಗಳಿಗೆ ಮಾರ್ಗಸೂಚಿ ಹೊರಡಿಸಿದೆ, ಬಿಸಿಯೂಟದ ಜೊತೆಗೇ ಅದನ್ನು ಸೇರಿಸಿದೆ ಅಂತ ಹೇಳಿ. ಬೇಲಿ, ಗುಂಡಿ ತೆಗೆಸುವ ಕೆಲಸವನ್ನು ಪಂಚಾಯಿತಿಯ ಯಾವುದಾದರೂ ಯೋಜನೆಯಲ್ಲಿ ಸೇರಿಸಬಹುದಾ ಅಂತ ಪಿಡಿಒ ಹತ್ರ ಒಂದು ಮಾತು ಕೇಳಿ. ಕೇಳೋದಕ್ಕೆ ದುಡ್ಡಿಲ್ಲ.

ಜಾಗ ಆರಿಸುವಾಗ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳಬೇಕು, ನೀಲಗಿರಿ ಮರದ ಹತ್ತಿರ ಬೇಡ. ಇದು ಎಲ್ಲರೂ ಹೇಳುವ ಮಾತು. ಯಾರೂ ಹೇಳದ ಮಾತು ಏನೆಂದರೆ, ಹುಡುಗರು ಎಲ್ಲಿ ಆಡುತ್ತಾರೆ ಅಂತ ಒಂದು ವಾರ ನೋಡಿ. ನಮ್ಮ ಅರವತ್ತು ಸಸಿಯಲ್ಲಿ ಇಪ್ಪತ್ತು ಸಸಿ ಸರಿಯಾಗಿ ಕ್ರಿಕೆಟ್ ಬಾಲು ಬೀಳುವ ಜಾಗದಲ್ಲಿದ್ದವು. ಆಟದ ಜಾಗ ಕಿತ್ತುಕೊಂಡ ತೋಟವನ್ನು ಮಕ್ಕಳು ಎರಡೇ ವಾರದಲ್ಲಿ ತುಳಿದು ಮುಗಿಸುತ್ತಾರೆ. ಅದು ಅವರ ತಪ್ಪಲ್ಲ.

ಈಗ ನೀರು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಎರಡನೇ ಶಾಲೆಯಲ್ಲಿ ನಾವು ಮಣ್ಣು ಮುಟ್ಟುವ ಮೊದಲು ನೀರು ಅಳೆದೆವು. ಒಂದು ಮಂಗಳವಾರ ಊಟದ ಹೊತ್ತಿಗೆ, ತಟ್ಟೆ ತೊಳೆಯುವ ಕಟ್ಟೆಯಿಂದ ನೀರು ಹೊರಬರುವ ಕಡೆ ಪೈಪಿನ ತುಂಡು ಸಿಕ್ಕಿಸಿ ಕೆಳಗೆ ಹದಿನೈದು ಲೀಟರಿನ ಬಕೆಟ್ ಇಟ್ಟೆವು. ತುಂಬಿದ ಹಾಗೆ ತೆಗೆದು ಸುರಿಯುವುದು, ಮತ್ತೆ ಇಡುವುದು. ಆರನೇ ಕ್ಲಾಸಿನ ಒಬ್ಬ ಹುಡುಗಿ ಪ್ರತಿ ಬಕೆಟ್‌ಗೂ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯುತ್ತಾ ಹೋದಳು. ಊಟ ಮುಗಿದಾಗ ಹನ್ನೆರಡು ಗೀಟು. ತೊಂಬತ್ತು ಮಕ್ಕಳ ಶಾಲೆ, 180 ಲೀಟರ್ ನೀರು. ಅಷ್ಟೂ ದಿನಾ ಚರಂಡಿಗೆ ಹೋಗುತ್ತಿತ್ತು.

ಹತ್ತು ಅಡಿ ಉದ್ದ ಮೂರಡಿ ಅಗಲದ ಒಂದು ಮಡಿಗೆ ಮಳೆ ಇಲ್ಲದ ದಿನ ಸುಮಾರು ಒಂದು ಬಕೆಟ್ ನೀರು ಬೇಕು. ಹಾಗಾಗಿ ಲೆಕ್ಕ ಸುಲಭ, ಎಷ್ಟು ಬಕೆಟ್ ಸಿಕ್ಕಿತೋ ಅಷ್ಟು ಮಡಿ. ಆದರೆ ಭಾನುವಾರ ತಟ್ಟೆ ತೊಳೆಯುವುದಿಲ್ಲ, ಹಬ್ಬದ ದಿನ ತೊಳೆಯುವುದಿಲ್ಲ. ಅದಕ್ಕೆ ಹನ್ನೆರಡರ ಬದಲು ಎಂಟು ಮಡಿ ಮಾಡಿದೆವು. ಕಡಿಮೆ ಅನ್ನಿಸಿತು. ಈಗ ನೋಡಿದರೆ ಅದೇ ಸರಿ.

ತೊಳೆದ ನೀರನ್ನು ನೇರ ಮಡಿಗೆ ಬಿಡಬೇಡಿ. ಅಗುಳು, ಬೇಳೆ ಎಲ್ಲ ಬರುತ್ತೆ, ಕೊಳೆತು ನಾರುತ್ತೆ, ಹೆಗ್ಗಣ ಬರುತ್ತೆ. ನೀರು ಬೀಳುವ ಕಡೆ ಒಂದು ಹಳೆಯ ಪ್ಲಾಸ್ಟಿಕ್ ಬುಟ್ಟಿ ಇಡಿ, ಅಗುಳು ಅದರಲ್ಲಿ ನಿಲ್ಲಲಿ, ದಿನಾ ಗೊಬ್ಬರದ ಗುಂಡಿಗೆ ಸುರಿಯಿರಿ. ಬುಟ್ಟಿಯ ಕೆಳಗೆ ಎರಡಡಿ ತೊಟ್ಟಿ, ಅದರ ತಳಕ್ಕೆ ಜಲ್ಲಿ, ಮೇಲೆ ಮರಳು. ಸೋಸಿ ಬಂದ ನೀರನ್ನು ಅವತ್ತೇ ಬಳಸಿ, ಮಾರನೇ ದಿನಕ್ಕೆ ಇಟ್ಟರೆ ವಾಸನೆ ಹೊಡೆಯುತ್ತೆ. ಮಣ್ಣಿಗೇ ಹಾಕಿ, ಸೊಪ್ಪಿನ ಮೇಲೆ ಎರಚಬೇಡಿ. ದೊಡ್ಡ ಪಾತ್ರೆಗಳನ್ನು ಅಕ್ಕಂದಿರು ಸೋಪು ಪುಡಿ ಹಾಕಿ ಉಜ್ಜುತ್ತಾರೆ. ಆ ನೀರು ಬೇರೆ ಕಡೆ ಹೋಗಲಿ, ಬಾಳೆ ಬುಡಕ್ಕೆ ಪರವಾಗಿಲ್ಲ.

ಮಡಿ ಮಾಡುವುದು ಮೇ ಕೊನೆಯಲ್ಲಿ, ಒಂದೆರಡು ಮಳೆ ಬಿದ್ದ ಮೇಲೆ. ಮಣ್ಣು ಆಗ ಮೆತ್ತಗಿರುತ್ತೆ, ಪಿಕಾಸಿ ಇಲ್ಲದೆ ಗುದ್ದಲಿಯಲ್ಲೇ ಆಗುತ್ತೆ. ಶಾಲೆಯ ಮಣ್ಣು ಅಂದರೆ ಅರ್ಧ ಕಟ್ಟಡದ ಕಸ, ಇಟ್ಟಿಗೆ ಚೂರು, ಸಿಮೆಂಟ್ ಗಟ್ಟಿ, ಗಾಜು. ಅದಕ್ಕೆ ಮೊದಲ ಅಗೆತ ಬೂಟು ಹಾಕಿದ ದೊಡ್ಡವರದ್ದೇ ಆಗಲಿ, ಗಾಜು ಆರಿಸಿದ ಮೇಲೆ ಮಕ್ಕಳು ಇಳಿಯಲಿ. ಒಂದಡಿ ಆಳ ಅಗೆದು, ಹಳೆಯ ಕೊಟ್ಟಿಗೆ ಗೊಬ್ಬರ ಮಡಿಗೆ ಎರಡು ಮೂರು ಬಾಂಡ್ಲಿ ಬೆರೆಸಿ. ಹಸಿ ಸಗಣಿ ಬೇಡ, ಬೇರು ಸುಡುತ್ತೆ, ಗೊಣ್ಣೆ ಹುಳ ಬೇರೆ ಬರುತ್ತೆ. ಅಗಲ ಮೂರಡಿಗಿಂತ ಜಾಸ್ತಿ ಮಾಡಬೇಡಿ. ಮಕ್ಕಳ ಕೈ ಎರಡೂ ಕಡೆಯಿಂದ ನಡುವಿಗೆ ಎಟುಕಬೇಕು, ಇಲ್ಲದಿದ್ದರೆ ಮಡಿ ಮೇಲೇ ಕಾಲಿಟ್ಟು ಕಳೆ ಕೀಳುತ್ತಾರೆ.

ಜೀವಾಮೃತ ಅನ್ನೋ ದ್ರವ ಗೊಬ್ಬರ ಮಾಡುವುದು ಮಕ್ಕಳಿಗೆ ಇಷ್ಟ, ಮೂಗು ಮುಚ್ಚಿಕೊಂಡು ಕಿರುಚಾಡುತ್ತಾ ಕಲಕುತ್ತಾರೆ. ಇಪ್ಪತ್ತು ಲೀಟರ್ ನೀರಿಗೆ ಒಂದು ಕೆಜಿ ಸಗಣಿ, ಒಂದು ಲೀಟರ್ ಗಂಜಳ, ಬೆಲ್ಲ 200 ಗ್ರಾಂ, ಕಡಲೆ ಹಿಟ್ಟೋ ಹುರುಳಿ ಹಿಟ್ಟೋ 200 ಗ್ರಾಂ, ಮರದ ಬುಡದ ಒಂದು ಹಿಡಿ ಮಣ್ಣು. ನೆರಳಲ್ಲಿಟ್ಟು ದಿನಕ್ಕೆರಡು ಸಲ ಕಲಕಿ. ಮೂರನೇ ದಿನದಿಂದ ಹತ್ತು ಪಟ್ಟು ನೀರು ಬೆರೆಸಿ ಹಾಕಬಹುದು, ಒಂದು ವಾರದೊಳಗೆ ಖಾಲಿ ಮಾಡಿ.

ಏನು ಹಾಕಬೇಕು? ಮೊದಲು ಹರಿವೆ, ಮೆಂತ್ಯ. ಯಾಕೆಂದರೆ ಮೂರು ನಾಲ್ಕು ವಾರಕ್ಕೆ ಕೈಗೆ ಸಿಗುತ್ತೆ, ಅಷ್ಟರಲ್ಲಿ ಮಕ್ಕಳ ಉತ್ಸಾಹ ಇಳಿದಿರುವುದಿಲ್ಲ. ಹರಿವೆ ಬೀಜ ಸಣ್ಣ, ಮರಳಿನ ಜೊತೆ ಬೆರೆಸಿ ಉದುರಿಸಿ, ಇಲ್ಲದಿದ್ದರೆ ಒಂದೇ ಕಡೆ ಗುಡ್ಡೆ ಬೀಳುತ್ತೆ. ಎಲ್ಲ ಮಡಿಗೂ ಒಂದೇ ದಿನ ಬಿತ್ತಬೇಡಿ. ವಾರಕ್ಕೊಂದು ಮಡಿ ಬಿತ್ತಿ, ವಾರಕ್ಕೊಂದು ಮಡಿ ಕೊಯ್ಲಿಗೆ ಬರುತ್ತೆ. ಬಿಸಿಯೂಟದ ಲೆಕ್ಕದಲ್ಲಿ ಪ್ರಾಥಮಿಕ ಶಾಲೆಯ ಒಂದು ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ, ಹಿರಿಯ ಪ್ರಾಥಮಿಕಕ್ಕೆ 75 ಗ್ರಾಂ. ತೊಂಬತ್ತು ಮಕ್ಕಳಿಗೆ ದಿನಕ್ಕೆ ನಾಲ್ಕೂವರೆ ಕೆಜಿಗೂ ಮೇಲೆ. ನಿಮ್ಮ ಎಂಟು ಮಡಿ ಶಾಲೆಯನ್ನು ಸಾಕುವುದಿಲ್ಲ. ವಾರದಲ್ಲಿ ಒಂದು ದಿನದ ಸಾರಿಗೆ ಸೊಪ್ಪು ಕೊಟ್ಟರೆ ಗೆದ್ದ ಹಾಗೆ. ಈ ಮಾತನ್ನು ಮೊದಲೇ ಹೇಳಿಬಿಡಿ, ಭಾಷಣದಲ್ಲಿ ಸ್ವಾವಲಂಬನೆ ಗೀವಲಂಬನೆ ಅಂತ ಹೋಗಬೇಡಿ.

ಎರಡು ಮಡಿಯಲ್ಲಿ ಬೆಂಡೆ, ಬೇಲಿ ಮೇಲೆ ಹೀರೆ, ಚಪ್ಪರದವರೆ, ಬಸಳೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕಾ ಅನಾಮಿಕಾ ಬೆಂಡೆ ಹಳದಿ ನಂಜು ರೋಗವನ್ನು ಸ್ವಲ್ಪ ತಡೆಯುತ್ತೆ, ಅರ್ಕಾ ಸುಗುಣ ಹರಿವೆಯನ್ನು ಚಿವುಟಿ ಚಿವುಟಿ ಹಲವು ಸಲ ಕೊಯ್ಯಬಹುದು. ಟೊಮೆಟೊ ಮೊದಲ ವರ್ಷ ಬೇಡವೇ ಬೇಡ. ಎಲೆ ಮುದುಡು ರೋಗ ಬಂದು ಎಲ್ಲರ ಮುಖವೂ ಮುದುಡುತ್ತೆ. ಬೀಜ ಅಂಗಡಿಯಿಂದಲೇ ತರಬೇಕು ಅಂತೇನಿಲ್ಲ. ಮನೆಯಲ್ಲಿ ಅಜ್ಜಿ ಎತ್ತಿಟ್ಟಿರುವ ಬೀಜ ಒಂದು ಹಿಡಿ ತನ್ನಿ ಅಂತ ಮಕ್ಕಳಿಗೆ ಹೇಳಿ. ನಮಗೆ ಹನ್ನೊಂದು ಥರದ ಬೀಜ ಬಂತು, ಬೂದಿ ಮೆತ್ತಿದ್ದು, ಬಟ್ಟೆಯಲ್ಲಿ ಗಂಟು ಕಟ್ಟಿದ್ದು. ಎರಡು ಏನು ಅಂತ ಮೇಷ್ಟ್ರಿಗೂ ಗೊತ್ತಾಗಲಿಲ್ಲ. ಬಿತ್ತಿದ ಮೇಲೆ ಒಂದು ಪಡವಲ ಅಂತ ಗೊತ್ತಾಯಿತು. ಇನ್ನೊಂದು ಹುಟ್ಟಲೇ ಇಲ್ಲ.

ನುಗ್ಗೆ ಹಾಕಿ, ಆದರೆ ಕ್ಲಾಸ್‌ರೂಮಿನ ಕಿಟಕಿ ಹತ್ತಿರ ಬೇಡ. ಮಳೆಗಾಲದಲ್ಲಿ ಕಂಬಳಿ ಹುಳ ಕಾಂಡದ ಮೇಲೆ ಗುಂಪು ಗುಂಪಾಗಿ ಕೂರುತ್ತೆ, ಒಂದು ಮಗುವಿಗೆ ತುರಿಕೆ ಬಂದರೆ ಸಾಕು, ಅದರ ಅಪ್ಪ ಮಚ್ಚು ಹಿಡಿದು ಬರುತ್ತಾರೆ. ಮೂರಡಿ ಬೆಳೆದಾಗ ತುದಿ ಚಿವುಟಿ, ವರ್ಷಕ್ಕೊಮ್ಮೆ ಎದೆ ಎತ್ತರಕ್ಕೆ ಕಡಿಯಿರಿ. ಸೊಪ್ಪು ಕೈಗೆ ಸಿಗುತ್ತೆ, ಯಾರೂ ಹತ್ತಿ ಕೊಂಬೆ ಮುರಿದುಕೊಂಡು ಬೀಳುವುದಿಲ್ಲ. ಕೋತಿ ಕಾಟ ಇರುವ ಊರಾದರೆ ಬಾಳೆ, ಪಪ್ಪಾಯಿ ಆಸೆ ಬಿಡಿ.

ಬೇಲಿಗೆ ಆಡಿಗಿಂತ ಕೋಳಿಯನ್ನು ನೆನಪಲ್ಲಿಟ್ಟುಕೊಳ್ಳಿ. ಆಡು ಬಂದರೆ ಕಾಣುತ್ತೆ, ಕೋಳಿ ಸಂದಿಯಲ್ಲಿ ನುಗ್ಗಿ ಬಿತ್ತಿದ ಮಡಿಯನ್ನೆಲ್ಲ ಕೆದಕಿರುತ್ತೆ. ಕೆಳಗಿನ ಎರಡಡಿಗೆ ಹಳೆಯ ಮೀನು ಬಲೆಯೋ ಶೇಡ್ ನೆಟ್ಟೋ ಕಟ್ಟಿ. ಔಷಧಿ ಅಂಗಡಿಯ ಬಾಟಲಿ ಶಾಲೆಯೊಳಗೆ ಬರಲೇಬಾರದು. ಗಿಡಕ್ಕೆ ಹೇನು ಬಂದರೆ ಬೂದಿ ಉದುರಿಸಿ, ಜಾಸ್ತಿಯಾದರೆ ಲೀಟರ್ ನೀರಿಗೆ ಐದು ಎಂಎಲ್ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು, ಸಂಜೆ ಹೊತ್ತು. ಇನ್ನೊಂದು, ತಪ್ಪು ಮಾಡಿದ ಮಗುವಿಗೆ ಕಳೆ ಕೀಳುವ ಶಿಕ್ಷೆ ಕೊಡಬೇಡಿ ಅಂತ ಮೇಷ್ಟ್ರುಗಳಿಗೆ ವಿನಯವಾಗಿ ಹೇಳಿ. ಒಮ್ಮೆ ಹಾಗಾದರೆ ತೋಟ ಜೈಲಾಯಿತು ಅಂತಲೇ ಲೆಕ್ಕ.

ಅಡುಗೆ ಅಕ್ಕಂದಿರ ವಿಷಯಕ್ಕೆ ಬರ್ತೀನಿ. ನಾವು ಮೊದಲು ಪಾಲಕ್ ಹಾಕಿದ್ದೆವು. ಬೆಳೆದು ನಿಂತಿತು, ಯಾರೂ ಕೊಯ್ಯಲಿಲ್ಲ. ಕೇಳಿದರೆ ಹಿರಿಯ ಅಕ್ಕ, "ಬಿಡಿಸಿ ತೊಳೆದು ಹೆಚ್ಚೋಕೆ ನಂಗೆ ಒಂದು ಗಂಟೆ ಬೇಕು ಕಣಪ್ಪ, ಅಷ್ಟರಲ್ಲಿ ಅನ್ನಕ್ಕಿಡಬೇಕು" ಅಂದರು. ಸರಿಯಾದ ಮಾತು. ಆಮೇಲೆ ಕೊಯ್ಲಿನ ಹಿಂದಿನ ದಿನ ಸಂಜೆ ದೊಡ್ಡ ಮಕ್ಕಳು ಸೊಪ್ಪು ಕೊಯ್ದು, ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಡುವ ಕ್ರಮ ಮಾಡಿದೆವು. ಏನು ಬಿತ್ತಬೇಕು ಅಂತ ಈಗ ಅವರನ್ನೇ ಕೇಳುತ್ತೇವೆ. ಕರಿಬೇವು ಎರಡು ಗಿಡ, ದಂಟು ಬೇಕು, ಪಾಲಕ್ ಬೇಡ ಅಂದರು. ಹಾಗೇ ಆಯಿತು.

ಇನ್ನು ಆ ಏಳು ವಾರ. ಮಾರ್ಚ್‌ನಲ್ಲೇ ಶಾಲೆಯ ಅಕ್ಕಪಕ್ಕದ ಎರಡು ಮೂರು ಮನೆಯವರನ್ನು ಮಾತಾಡಿಸಿ. ಬೇಸಿಗೆ ಮುಗಿಯುವವರೆಗೆ ತೋಟ ಅವರದ್ದು. ನೀರು ಅವರೇ ಹಾಕಬೇಕು, ಬೆಳೆದದ್ದೆಲ್ಲ ಅವರೇ ತೆಗೆದುಕೊಳ್ಳಬೇಕು. ಪಾಲಿಗೆ ಕೊಟ್ಟ ಹೊಲದ ಹಾಗೆ ಅರ್ಧ ಕೇಳೋಕೆ ಹೋಗಬೇಡಿ. ತಟ್ಟೆ ತೊಳೆಯುವ ನೀರು ಆಗ ಇರುವುದಿಲ್ಲ, ಹಾಗಾಗಿ ಎಂಟರಲ್ಲಿ ಮೂರು ಮಡಿ ಮಾತ್ರ ಇಟ್ಟುಕೊಂಡು ಉಳಿದವಕ್ಕೆ ಒಣ ಎಲೆ ದಪ್ಪಗೆ ಮುಚ್ಚಿ. ಆ ಎಲೆ ರಾಶಿಗೆ ಜೂನ್‌ನಲ್ಲಿ ಸುಮ್ನೆ ಕೈ ಹಾಕಬೇಡಿ, ಚೇಳು ಇರುತ್ತೆ, ಕೋಲಿನಿಂದ ಕೆದಕಿ. ಬಳ್ಳಿಯ ಮೇಲೆ ಒಣಗಿದ ಅವರೆ, ಹೀರೆ ಬೀಜ ರಜೆಗೆ ಮೊದಲೇ ಬಿಡಿಸಿ ಹೆಸರು ಬರೆದು ಡಬ್ಬಿಗೆ ಹಾಕಿ.

ಹಾಂ, ಗೇಟಿನ ಬೀಗದ ಕೀಲಿ. ಮೊದಲ ಬೇಸಿಗೆಯಲ್ಲಿ ಪಕ್ಕದ ಮನೆ ಅಜ್ಜಿ ಒಪ್ಪಿಕೊಂಡಿದ್ದರು, ಕೊಡ ಹಿಡಿದು ಬಂದೂ ಇದ್ದರು. ಗೇಟಿಗೆ ಬೀಗ, ಕೀಲಿ ಮೇಷ್ಟ್ರ ಜೇಬಿನಲ್ಲಿ ಅವರ ಊರಿಗೆ ಹೋಗಿತ್ತು. ಹನ್ನೆರಡು ದಿನ ಆಕೆ ಕಾಂಪೌಂಡಿನ ಆಚೆಯಿಂದಲೇ ಚೊಂಬಿನಲ್ಲಿ ನೀರು ಎರಚಿದ್ದರು, ಗೋಡೆ ಬದಿಯ ಬಸಳೆ ಒಂದು ಉಳಿದಿತ್ತು. ಈಗ ಇನ್ನೊಂದು ಕೀಲಿ ಮಾಡಿಸಿದ್ದೇವೆ, ಅದು ಅವರ ಮನೆಯ ದೇವರ ಫೋಟೊ ಪಕ್ಕದ ಮೊಳೆಯಲ್ಲಿ ನೇತಾಡುತ್ತಿರುತ್ತೆ.