ಕಂಪ್ಯೂಟರ್ ಬದಲಿಸುತ್ತಿದ್ದೀರಾ? ನುಡಿ ಫಾಂಟ್ ಮರೆಯಬೇಡಿ

ಹಳೇ ಕಂಪ್ಯೂಟರಿನ ಪ್ರೋಗ್ರಾಂ ಫೈಲ್ಸ್ ಫೋಲ್ಡರನ್ನೇ ಕಾಪಿ ಮಾಡಿಕೊಂಡು ಹೋದರೆ ಸಾಫ್ಟ್‌ವೇರ್ ಸಾಮಾನ್ಯವಾಗಿ ಓಡುವುದಿಲ್ಲ. ಅದರ ಎಷ್ಟೋ ವಿವರ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲೇ ಉಳಿದುಬಿಡುತ್ತದೆ. ಹೊಸದಾಗಿಯೇ ಇನ್‌ಸ್ಟಾಲ್ ಮಾಡಿ, ಫೈಲುಗಳನ್ನಷ್ಟೇ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. 4 ಜಿಬಿ ಮೀರಿದ ವಿಡಿಯೊ ಇದ್ದರೆ ಫ್ಯಾಟ್32 ಎಂಬ ಹಳೇ ಮಾದರಿಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವ್ ತೆಗೆದುಕೊಳ್ಳುವುದಿಲ್ಲ, ಎಕ್ಸ್‌ಫ್ಯಾಟ್ ಮಾದರಿಯದು ಬೇಕು.

ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ‘ನುಡಿ’ಯಲ್ಲಿ ಟೈಪ್ ಮಾಡಿದ ಹಳೇ ಪತ್ರಗಳಿದ್ದರೆ ಇನ್ನೂ ಜೋಪಾನ. ಅಪ್ಪನ ಪಹಣಿ ಅರ್ಜಿಯನ್ನು ಹೊಸ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಅವುಗಳ ತಲೆಮೇಲೆ ಚುಕ್ಕೆ, ಗೆರೆ! ಎದೆ ಧಸಕ್ಕೆಂದಿತು. ಫೈಲ್ ಕೆಟ್ಟಿರಲಿಲ್ಲ, ಫಾಂಟ್ ಇರಲಿಲ್ಲ ಅಷ್ಟೇ. ಹಳೇ ಕಂಪ್ಯೂಟರಿನ ಫಾಂಟ್ಸ್ ಫೋಲ್ಡರಿನಿಂದ ಅದನ್ನು ತಂದು ಹಾಕಿದ ಮೇಲೆ ಅಕ್ಷರಗಳು ಮತ್ತೆ ಕನ್ನಡವಾದವು. ಒಂದೊಂದೇ ಫೈಲ್ ತೆರೆದು ನೋಡುವ ತನಕ ಹಳೇ ಡಿಸ್ಕ್ ಅಳಿಸಬೇಡಿ.